ಮನೆಯೊಳಗೇ ಸೈಕ್ಲಿಂಗ್: ಕಡಿಮೆ ಬಜೆಟ್‌ನಲ್ಲಿ ಸ್ಮಾರ್ಟ್ ಟ್ರೈನರ್ ಕೊಳ್ಳುವ ಮುನ್ನ ಇಷ್ಟು ತಿಳಿದಿರಲಿ

ಬಾಗಲಕೋಟೆ: ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ ಭಾಗದ ರಸ್ತೆಯಲ್ಲಿ ಬೆಳಗಿನ ಐದು ಗಂಟೆಗೆ ಸೈಕಲ್ ತುಳಿಯೋದು ಧೈರ್ಯದ ಕೆಲಸ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು, ಎಷ್ಟೋ ಟ್ರೇಲರ್‌ಗೆ ಹಿಂದೆ ದೀಪ ಇರಲ್ಲ, ರಿಫ್ಲೆಕ್ಟರ್ ಇರಲ್ಲ, ಅದರ ಮೇಲೆ ಮಂಜು. ಏಪ್ರಿಲ್–ಮೇ ಬಂದರೆ ಒಂಬತ್ತು ಗಂಟೆಗೇ ಬಿಸಿಲು ತಲೆ ಸುಡುತ್ತೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ರಾತ್ರಿ ಒಂಬತ್ತಕ್ಕೆ ಮುಚ್ಚುವವರಿಗೆ ಸೈಕಲ್ ಹೊರಗೆ ತೆಗೆಯೋಕೆ ಹೊತ್ತೇ ಸಿಗಲ್ಲ.

ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಗೆ ಸೈಕ್ಲಿಂಗ್ ಹೊಸದಲ್ಲ. ರಾಷ್ಟ್ರ ಮಟ್ಟದಲ್ಲಿ ಪದಕ ಗೆದ್ದ ಹುಡುಗ ಹುಡುಗಿಯರು ಈ ಭಾಗದ ಹಳ್ಳಿಗಳಿಂದಲೇ ಬಂದವರು. ಈಗ ಮನೆಯಲ್ಲೇ ಕೂತು ತಾಲೀಮು ಮಾಡಲು ಸ್ಮಾರ್ಟ್ ಟ್ರೈನರ್ ಕೊಳ್ಳುವ ಬಗ್ಗೆ ವಿಚಾರಿಸುವವರು ಹೆಚ್ಚುತ್ತಿದ್ದಾರೆ. ಆದರೆ ಇದು ಹತ್ತಾರು ಸಾವಿರದ ಮಾತು. ಆನ್‌ಲೈನ್‌ನಲ್ಲಿ ಫೋಟೋ ನೋಡಿ ತರಿಸಿ, ಡಬ್ಬಿ ಬಿಚ್ಚಿದ ಮೇಲೆ ತಮ್ಮ ಸೈಕಲ್ ಅದಕ್ಕೆ ಕೂರಲ್ಲ ಅಂತ ಗೊತ್ತಾದರೆ ದುಡ್ಡೂ ಹೋಯಿತು, ಉತ್ಸಾಹವೂ ಹೋಯಿತು.

ಸ್ಮಾರ್ಟ್ ಟ್ರೈನರ್ ಅಂದರೇನು?

ಜಿಮ್‌ನಲ್ಲಿರುವ ಸೈಕಲ್‌ಗೂ ಇದಕ್ಕೂ ವ್ಯತ್ಯಾಸವಿದೆ. ಟ್ರೈನರ್ ಅಂದರೆ ನಮ್ಮದೇ ಸೈಕಲನ್ನು ಕೂರಿಸಿ, ಇದ್ದಲ್ಲೇ ತುಳಿಯುವ ಸ್ಟ್ಯಾಂಡ್. ಹಿಂದಿನ ಭಾಗಕ್ಕೆ ತಡೆ ಕೊಡುವ ಯಂತ್ರ ಇರುತ್ತೆ. ಸಾದಾ ಟ್ರೈನರ್‌ನಲ್ಲಿ ಈ ತಡೆಯನ್ನು ಕೈಯಿಂದ ಹೆಚ್ಚು ಕಡಿಮೆ ಮಾಡಬೇಕು. ಸ್ಮಾರ್ಟ್ ಟ್ರೈನರ್ ಎರಡು ಕೆಲಸ ಮಾಡುತ್ತೆ: ನೀವು ಎಷ್ಟು ವ್ಯಾಟ್ ಶಕ್ತಿ ಹಾಕುತ್ತಿದ್ದೀರಿ ಎಂದು ಅಳೆಯುತ್ತೆ, ಮತ್ತು ಮೊಬೈಲ್ ಅಥವಾ ಲ್ಯಾಪ್‌ಟಾಪ್‌ನ ಆ್ಯಪ್ ಹೇಳಿದಂತೆ ತಡೆಯನ್ನು ತಾನೇ ಬದಲಿಸುತ್ತೆ. ಪರದೆಯ ಮೇಲೆ ಏರು ಬಂದರೆ ಪೆಡಲ್ ಭಾರವಾಗುತ್ತೆ, ಇಳಿಜಾರಿಗೆ ಹಗುರ. 'ಹತ್ತು ನಿಮಿಷ 150 ವ್ಯಾಟ್' ಅಂತ ಆ್ಯಪ್‌ನಲ್ಲಿ ಹಾಕಿದರೆ ನಿಧಾನ ತುಳಿದರೂ ಜೋರಾಗಿ ತುಳಿದರೂ ಅಷ್ಟೇ ವ್ಯಾಟ್ ಹಿಡಿದಿಡುತ್ತೆ. ಇದಕ್ಕೆ ಇಆರ್‌ಜಿ ಮೋಡ್ ಅನ್ನುತ್ತಾರೆ.

ಇದು ಮೊದಲು ಶ್ರೀಮಂತರ ಸಾಮಾನಾಗಿತ್ತು. ವಾಹೂ ಕಂಪನಿಯ ಕಿಕರ್ 2012ರಲ್ಲಿ ಅಮೆರಿಕದಲ್ಲಿ ಬಂದಾಗ ಬೆಲೆ ಸುಮಾರು 1,100 ಡಾಲರ್. ಹತ್ತು ವರ್ಷದ ನಂತರ, 2022ರಲ್ಲಿ, ಜ್ವಿಫ್ಟ್ ಕಂಪನಿ ಅದೇ ಬಗೆಯ ಟ್ರೈನರ್ ಅನ್ನು 499 ಡಾಲರ್‌ಗೆ ತಂದಿತು. ಡಾಲರ್‌ಗೆ 85 ರೂಪಾಯಿ ಹಿಡಿದರೆ ಇದು 42 ಸಾವಿರ ಚಿಲ್ಲರೆ. ಆಮದು ಸುಂಕ, ಸಾಗಣೆ, ಅಂಗಡಿಯವರ ಲಾಭ ಸೇರಿದರೆ ನಮ್ಮಲ್ಲಿ ಇನ್ನೂ ಮೇಲೆ ಹೋಗುತ್ತೆ. ಆದರೂ ಆಮೇಲೆ ಬೇರೆ ಕಂಪನಿಗಳೂ ಬೆಲೆ ಇಳಿಸಿದ್ದರಿಂದ ಸಾಮಾನ್ಯರು ವಿಚಾರ ಮಾಡುವ ಮಟ್ಟಕ್ಕೆ ಬಂದಿದೆ.

ಮೂರು ಬಗೆ, ಮೂರು ಬೆಲೆ

*ರೋಲರ್:* ಮೂರು ಉರುಳೆಗಳ ಮೇಲೆ ಸೈಕಲ್ ನಿಲ್ಲಿಸಿ ತುಳಿಯೋದು. ಯಾವುದೂ ಹಿಡಿದುಕೊಂಡಿರಲ್ಲ, ಬ್ಯಾಲೆನ್ಸ್ ನೀವೇ ಮಾಡಬೇಕು. ಹಳೆಯ ಕ್ರೀಡಾಪಟುಗಳು ಇದರಲ್ಲೇ ಪಳಗಿದವರು. ಹೊಸಬರು ಗೋಡೆ ಪಕ್ಕ ಇಟ್ಟುಕೊಂಡು ಕಲಿಯಬೇಕು.

*ವೀಲ್-ಆನ್:* ಹಿಂಚಕ್ರ ಬಿಚ್ಚದೆ, ಟೈರನ್ನು ಒಂದು ಉರುಳೆಗೆ ಒತ್ತಿ ಕೂರಿಸೋದು. ಸ್ಮಾರ್ಟ್ ಟ್ರೈನರ್‌ಗಳಲ್ಲಿ ಇದೇ ಅಗ್ಗ. ತೊಂದರೆ ಏನೆಂದರೆ ಟೈರ್ ಸವೆಯುತ್ತೆ, ಜೋರಾಗಿ ತುಳಿದರೆ ಜಾರುತ್ತೆ, ಸದ್ದು ಮಾಡುತ್ತೆ. ಲೆಕ್ಕ ಸರಿಯಾಗಿ ಬರಬೇಕಾದರೆ ಪ್ರತಿ ಸಲ ಟೈರ್‌ನ ಗಾಳಿ ಒಂದೇ ಅಳತೆ ಇರಬೇಕು, ಹತ್ತು ನಿಮಿಷ ತುಳಿದು ಬಿಸಿಯಾದ ಮೇಲೆ ಆ್ಯಪ್‌ನಲ್ಲಿ ಕ್ಯಾಲಿಬ್ರೇಶನ್ ಮಾಡಬೇಕು. ಮಣ್ಣಿನ ರಸ್ತೆಗಿರುವ ಗುಬ್ಬಿ ಟೈರ್ ಇದ್ದರೆ ಬೇಡವೇ ಬೇಡ. ಮನೆಯೆಲ್ಲ ನಡುಗುತ್ತೆ. ನುಣುಪಾದ ಟೈರ್ ಹಾಕಿಸಿ.

*ಡೈರೆಕ್ಟ್ ಡ್ರೈವ್:* ಹಿಂಚಕ್ರವನ್ನೇ ಬಿಚ್ಚಿಟ್ಟು, ಫ್ರೇಮನ್ನು ನೇರವಾಗಿ ಯಂತ್ರಕ್ಕೆ ಕೂರಿಸೋದು. ಚೈನು ಟ್ರೈನರ್ ಮೇಲಿನ ಗೇರ್ ಚಕ್ರಗಳ ಮೇಲೆ ಓಡುತ್ತೆ. ಸದ್ದು ಕಡಿಮೆ, ಟೈರ್ ಸವೆಯೋ ಮಾತಿಲ್ಲ, ಅಳತೆ ನಿಖರ. ಬೆಲೆ ಹೆಚ್ಚು, ಭಾರವೂ ಹೆಚ್ಚು. ಹಲವು ಮಾದರಿ 15 ಕಿಲೋಗಿಂತ ಮೇಲೆ ತೂಗುತ್ತವೆ.

ಮೊದಲು ಸೈಕಲ್ ನೋಡಿ, ಆಮೇಲೆ ಟ್ರೈನರ್

ದುಡ್ಡು ಹಾಳಾಗುವುದು ಹೆಚ್ಚಾಗಿ ಇಲ್ಲೇ. ಟ್ರೈನರ್‌ಗಳನ್ನು ಮಾಡಿರುವುದು ವಿದೇಶದ ರೇಸಿಂಗ್ ಸೈಕಲ್‌ಗಳ ಅಳತೆಗೆ. ನಮ್ಮ ಊರಿನ ಸೈಕಲ್‌ಗಳ ಕತೆ ಬೇರೆ.

- *ಎಕ್ಸಲ್ ಯಾವುದು?* ಹಿಂಚಕ್ರ ಬಿಚ್ಚೋಕೆ ಪಾನಾ ಬೇಕಾದರೆ ಅದು ನಟ್ ಇರುವ ಎಕ್ಸಲ್. ಅದು ವೀಲ್-ಆನ್ ಟ್ರೈನರ್‌ಗೆ ಹಾಗೆಯೇ ಕೂರಲ್ಲ, ಪ್ರತ್ಯೇಕ ಅಡಾಪ್ಟರ್ ನಟ್ ಬೇಕು ಅಥವಾ ಹಬ್ ಬದಲಿಸಬೇಕು. ಕೈಯಲ್ಲೇ ತಿರುಗಿಸಿ ತೆಗೆಯುವ ಸಣ್ಣ ಹಿಡಿಕೆ ಇದ್ದು, ಒಳಗೆ ತೆಳ್ಳನೆ ಕಡ್ಡಿ ಇದ್ದರೆ ಅದು ಕ್ವಿಕ್ ರಿಲೀಸ್. ಇದಕ್ಕೆ ಹೆಚ್ಚಿನ ಟ್ರೈನರ್ ಹೊಂದುತ್ತವೆ. ಡಿಸ್ಕ್ ಬ್ರೇಕ್ ಇರುವ ಹೊಸ ಸೈಕಲ್‌ಗಳಲ್ಲಿ 12 ಮಿ.ಮೀ. ದಪ್ಪದ ಥ್ರೂ ಎಕ್ಸಲ್ ಇರಬಹುದು. ಅದರ ಅಡಾಪ್ಟರ್ ಡಬ್ಬಿಯಲ್ಲೇ ಬರುತ್ತೋ, ಬೇರೆ ದುಡ್ಡು ಕೊಡಬೇಕೋ ಕೇಳಿ.

- *ಎರಡು ಕಾಲಿನ ನಡುವಿನ ಅಳತೆ.* ಫ್ರೇಮಿನಲ್ಲಿ ಹಿಂಚಕ್ರ ಕೂರುವ ಜಾಗದ ಅಗಲ ಸ್ಕೇಲ್ ಹಿಡಿದು ನೋಡಿ. ಕ್ವಿಕ್ ರಿಲೀಸ್ ಇರುವ ರೋಡ್ ಸೈಕಲ್‌ಗೆ 130 ಮಿ.ಮೀ., ಹೈಬ್ರಿಡ್ ಮತ್ತು ಎಂಟಿಬಿಗೆ ಸಾಮಾನ್ಯವಾಗಿ 135 ಮಿ.ಮೀ. ಇರುತ್ತೆ.

- *ಫ್ರೀವೀಲೋ, ಕ್ಯಾಸೆಟ್ಟೋ?* ಕಡಿಮೆ ಬೆಲೆಯ ಗೇರ್ ಸೈಕಲ್‌ಗಳಲ್ಲಿ ಏಳು ಗೇರಿನ ಫ್ರೀವೀಲ್ ಅನ್ನು ತಿರುಪಿ ಕೂರಿಸಿರುತ್ತಾರೆ. ಅದನ್ನು ಬಿಚ್ಚಿ ಡೈರೆಕ್ಟ್ ಡ್ರೈವ್ ಟ್ರೈನರ್‌ಗೆ ಹಾಕೋಕೆ ಆಗಲ್ಲ. ಟ್ರೈನರ್‌ಗೆ ಬೇರೆಯೇ ಕ್ಯಾಸೆಟ್ ಬೇಕು. ಏಳು ಗೇರಿನ ಕ್ಯಾಸೆಟ್ ಹಾಕುವುದಾದರೆ ಹಿಂದೆ ಸ್ಪೇಸರ್ ಕೂಡ ಬೇಕಾಗುತ್ತೆ. ಕೆಲವು ಟ್ರೈನರ್ ಜೊತೆ ಕ್ಯಾಸೆಟ್ ಕೊಡಲ್ಲ, ಆ ಖರ್ಚು ಬೇರೆ.

ಗೇರೇ ಇಲ್ಲದ ಸಾದಾ ಸೈಕಲ್ ಇದ್ದರೆ ಸ್ಮಾರ್ಟ್ ಟ್ರೈನರ್ ಖರ್ಚು ಸದ್ಯಕ್ಕೆ ಬೇಡ. ಅದೇ ಹಣದಲ್ಲಿ ಮೊದಲು ಒಳ್ಳೆಯ ಹಳೆಯ ಗೇರ್ ಸೈಕಲ್ ತಗೊಳ್ಳುವುದು ಲೇಸು.

ಡಬ್ಬಿಯ ಮೇಲಿನ ಅಂಕಿಗಳು

ಜಾಹೀರಾತಿನಲ್ಲಿ ಮೂರು ಅಂಕಿ ದೊಡ್ಡದಾಗಿ ಬರೆದಿರುತ್ತಾರೆ.

*ಗರಿಷ್ಠ ವ್ಯಾಟ್:* 2000, 2200 ಅಂತ ಇರುತ್ತೆ. ಸಾಮಾನ್ಯ ಸವಾರರು ಒಂದು ತಾಸು ಒಂದೇ ಸಮ ತುಳಿಯೋದು 100ರಿಂದ 200 ವ್ಯಾಟ್. ಆರೋಗ್ಯಕ್ಕಾಗಿ ತುಳಿಯುವವರಿಗೆ 600 ವ್ಯಾಟ್‌ನ ಟ್ರೈನರ್ ಧಾರಾಳ ಸಾಕು. ರೇಸಿಗೆ ತಯಾರಾಗುವ ಹುಡುಗರು ಕೊನೆಯ ಓಟದಲ್ಲಿ ಅದಕ್ಕಿಂತ ಮೇಲೆ ಹೋಗುತ್ತಾರೆ, ಅವರಿಗೆ ಮಾತ್ರ ದೊಡ್ಡದು ಬೇಕು.

*ಏರು:* 6%, 16%, 20% ಅಂತ. ಇದಕ್ಕೂ ಹೆಚ್ಚು ಹಣ ಸುರಿಯಬೇಕಿಲ್ಲ. ಜ್ವಿಫ್ಟ್‌ನಂತಹ ಆ್ಯಪ್ ಏರಿನ ಕಷ್ಟವನ್ನು ಮೊದಲೇ ಅರ್ಧಕ್ಕೆ ಇಳಿಸಿಟ್ಟಿರುತ್ತೆ. ಪರದೆಯಲ್ಲಿ 12% ಏರು ಇದ್ದರೂ ಕಾಲಿಗೆ ಸಿಗುವುದು 6%.

*ನಿಖರತೆ:* ಇದು ಮುಖ್ಯ. ±2% ಅಂದರೆ 200 ವ್ಯಾಟ್‌ಗೆ ನಾಲ್ಕು ವ್ಯಾಟ್ ಆಚೀಚೆ. ±5% ಅಂದರೆ ಹತ್ತು ವ್ಯಾಟ್ ಆಚೀಚೆ. ಎರಡು ತಿಂಗಳು ಬೆವರು ಸುರಿಸಿ ಎಂಟು ವ್ಯಾಟ್ ಹೆಚ್ಚಿಸಿಕೊಂಡ ಕ್ರೀಡಾಪಟುವಿಗೆ ±5%ನ ಯಂತ್ರ ಅದನ್ನು ನಂಬುವಂತೆ ತೋರಿಸಲ್ಲ. ತೂಕ, ಸಕ್ಕರೆ ಹತೋಟಿಗೆ ಅಂತ ತುಳಿಯುವವರಿಗೆ ಅಷ್ಟು ನಿಖರತೆ ಬೇಕಾಗಿಲ್ಲ.

ಇನ್ನೊಂದು, ಎಫ್‌ಟಿಎಂಎಸ್ ಎಂಬ ಬ್ಲೂಟೂತ್ ಪದ್ಧತಿಗೆ ಟ್ರೈನರ್ ಹೊಂದುತ್ತಾ ಅಂತ ನೋಡಿ. ಅದಿದ್ದರೆ ಒಂದೇ ಕಂಪನಿಯ ಆ್ಯಪ್‌ಗೆ ಕಟ್ಟುಬೀಳುವ ಅವಶ್ಯಕತೆ ಇರಲ್ಲ.

ಕಾಣದ ಖರ್ಚು

ಟ್ರೈನರ್ ಬೆಲೆ ಒಂದು ಸಲದ್ದು. ಆ್ಯಪ್ ಬೆಲೆ ತಿಂಗಳಿಗೊಮ್ಮೆ ಬರುತ್ತೆ. ಜ್ವಿಫ್ಟ್ 2024ರಲ್ಲಿ ಅಮೆರಿಕದಲ್ಲಿ ತಿಂಗಳ ದರವನ್ನು 14.99ರಿಂದ 19.99 ಡಾಲರ್‌ಗೆ ಏರಿಸಿತು. 85ರ ಲೆಕ್ಕದಲ್ಲಿ ತಿಂಗಳಿಗೆ 1,700 ರೂಪಾಯಿ, ವರ್ಷಕ್ಕೆ 20 ಸಾವಿರದ ಮೇಲೆ. ಎರಡು ವರ್ಷಕ್ಕೆ ಆ್ಯಪ್‌ಗೆ ಕೊಟ್ಟ ಹಣ ಆ 499 ಡಾಲರ್‌ನ ಟ್ರೈನರ್ ಬೆಲೆಯ ಹತ್ತಿರ ಬಂತು! ಮೈವೂಶ್ ಎಂಬ ಆ್ಯಪ್ ಉಚಿತ. ಅದು ಕಳಪೆ ಅಂತಲ್ಲ, 2024ರ ವಿಶ್ವ ಇ-ಸೈಕ್ಲಿಂಗ್ ಚಾಂಪಿಯನ್‌ಶಿಪ್ ನಡೆದದ್ದು ಅದರಲ್ಲೇ. ಆದರೆ ಹಳೆಯ ಮೊಬೈಲ್‌ನಲ್ಲಿ ಇಂತಹ ಆ್ಯಪ್ ತಡವರಿಸುತ್ತೆ. ಆ್ಯಪ್ ಅನ್ನು ಮೊದಲೇ ಇಳಿಸಿಕೊಂಡು ನಿಮ್ಮ ಮೊಬೈಲ್, ಲ್ಯಾಪ್‌ಟಾಪ್‌ನಲ್ಲಿ ಓಡುತ್ತಾ ಅಂತ ನೋಡಿ. ಟ್ರೈನರ್ ಖರೀದಿ ಆಮೇಲೆ.

ಫ್ಯಾನ್ ಮರೆಯಬೇಡಿ. ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲ್‌ಗೆ ಸೇರುವುದು ಕಾಲು ಭಾಗಕ್ಕಿಂತ ಕಡಿಮೆ. ಉಳಿದದ್ದೆಲ್ಲ ಬಿಸಿಯಾಗಿ ಹೊರಬರುತ್ತೆ. 150 ವ್ಯಾಟ್ ತುಳಿಯುವ ಮನುಷ್ಯ ಸುಮಾರು 500 ವ್ಯಾಟ್ ಬಿಸಿ ಬಿಡುತ್ತಾನೆ. ರಸ್ತೆಯಲ್ಲಿ ಗಾಳಿ ಅದನ್ನು ಒಯ್ಯುತ್ತೆ, ಕೋಣೆಯಲ್ಲಿ ಒಯ್ಯುವವರಿಲ್ಲ. ನಮ್ಮ ಬೇಸಿಗೆಗೆ ಜೋರಾದ ಸ್ಟ್ಯಾಂಡ್ ಫ್ಯಾನ್ ಇಲ್ಲದೆ ತುಳಿಯಲೇಬಾರದು. ಕಿಟಕಿ ತೆರೆದಿರಲಿ, ನೀರು ಕೈಗೆ ಸಿಗುವಂತಿರಲಿ. ಬೆವರಿನ ಉಪ್ಪು ಸೈಕಲ್‌ನ ಬೋಲ್ಟ್‌ಗಳಿಗೆ ತುಕ್ಕು ಹಿಡಿಸುತ್ತೆ. ಹ್ಯಾಂಡಲ್ ಮೇಲೊಂದು ಟವೆಲ್ ಹಾಸಿ, ಕೆಳಗೆ ರಬ್ಬರ್ ಮ್ಯಾಟ್ ಹಾಕಿ.

ಕರೆಂಟ್ ಹೋದರೆ? ಹೆಚ್ಚಿನ ಸ್ಮಾರ್ಟ್ ಟ್ರೈನರ್ ಕರೆಂಟ್ ಇಲ್ಲದಿದ್ದರೆ ತಡೆ ಕೊಡೋದು ನಿಲ್ಲಿಸುತ್ತವೆ. ಅಡಾಪ್ಟರ್ ಮೇಲೆ ಬರೆದ ವ್ಯಾಟ್ ನೋಡಿ, ಮನೆಯ ಇನ್ವರ್ಟರ್ ಲೈನಿಗೆ ಹಾಕಿಕೊಳ್ಳಬಹುದೇ ಅಂತ ಎಲೆಕ್ಟ್ರಿಷಿಯನ್‌ಗೆ ಕೇಳಿ.

ಸೆಕೆಂಡ್ ಹ್ಯಾಂಡ್ ಮತ್ತು ಹೊರದೇಶದ ಮಾಲು

ಬೆಂಗಳೂರು, ಪುಣೆಯಲ್ಲಿ ಉತ್ಸಾಹದಿಂದ ಕೊಂಡು ಮೂಲೆಗಿಟ್ಟ ಟ್ರೈನರ್‌ಗಳು ಮಾರಾಟಕ್ಕೆ ಬರುತ್ತವೆ. ಕಡಿಮೆ ಬಜೆಟ್‌ನವರಿಗೆ ಇದು ಒಳ್ಳೆಯ ದಾರಿ, ಆದರೆ ಎದುರಿಗೇ ನಿಂತು ತುಳಿದು ನೋಡಬೇಕು. ಹತ್ತು ನಿಮಿಷ ತುಳಿಯಿರಿ. ಕರಕರ ಸದ್ದು ಬಂದರೆ ಬೇರಿಂಗ್ ಅಥವಾ ಬೆಲ್ಟ್ ಹೋಗಿದೆ. ಕಂಪನಿಯ ಆ್ಯಪ್‌ಗೆ ಜೋಡಿಸಿ ಕ್ಯಾಲಿಬ್ರೇಶನ್ ಮಾಡಿಸಿ. ಜೋಡಣೆ ಆಗದಿದ್ದರೆ ಗಾಬರಿ ಬೇಡ, ಮಾರುವವರ ಮೊಬೈಲ್ ಆಗಲೇ ಅದನ್ನು ಹಿಡಿದುಕೊಂಡಿರಬಹುದು, ಆ ಮೊಬೈಲ್‌ನ ಬ್ಲೂಟೂತ್ ಆಫ್ ಮಾಡಿಸಿ ನೋಡಿ. ಮೂಲ ಪವರ್ ಅಡಾಪ್ಟರ್, ಎಕ್ಸಲ್ ಅಡಾಪ್ಟರ್‌ಗಳು, ಬಿಲ್ ಎಲ್ಲ ಇದೆಯಾ ನೋಡಿ.

ದುಬೈನಲ್ಲಿರುವ ಅಳಿಯನ ಕೈಲಿ ತರಿಸುವ ವಿಚಾರ ಇದ್ದರೆ ವಿಮಾನದ ತೂಕದ ಮಿತಿ, ಸುಂಕ, ಮತ್ತು ವಾರಂಟಿ ಇಲ್ಲಿ ನಡೆಯುತ್ತಾ ಎಂಬುದನ್ನು ಮೊದಲು ಕೇಳಿ. 18 ಕಿಲೋ ಯಂತ್ರವನ್ನು ರಿಪೇರಿಗೆ ವಾಪಸ್ ಕಳಿಸುವ ಖರ್ಚು ಸಣ್ಣದಲ್ಲ.

ಹೊಸದು ಕೊಂಡರೆ ಜಿಎಸ್‌ಟಿ ಬಿಲ್ ತಪ್ಪದೇ ಪಡೆಯಿರಿ. ಸಾಮಾನು ಕೆಟ್ಟು ಮಾರಿದವರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಆನ್‌ಲೈನ್‌ನಲ್ಲಿ ಎಲ್ಲಿಂದಲೇ ತರಿಸಿದ್ದರೂ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ.

ಯಾರಿಗೆ ಯಾವುದು?

*ತೀರಾ ಕಡಿಮೆ ಬಜೆಟ್:* ಸಾದಾ ಮ್ಯಾಗ್ನೆಟಿಕ್ ಟ್ರೈನರ್, ಜೊತೆಗೆ ವೇಗದ ಸೆನ್ಸರ್. ಕೆಲವು ಆ್ಯಪ್ ವೇಗದಿಂದಲೇ ವ್ಯಾಟ್ ಅಂದಾಜು ಮಾಡುತ್ತವೆ, ಎಲ್ಲವೂ ಅಲ್ಲ. ಮೂರು ತಿಂಗಳು ಬಿಡದೆ ತುಳಿದರೆ ಆಮೇಲೆ ದೊಡ್ಡದರ ವಿಚಾರ ಮಾಡಿ.

*ಆರೋಗ್ಯಕ್ಕಾಗಿ ತುಳಿಯುವ ಅಂಗಡಿಕಾರರು, ನೌಕರರು:* ಕ್ವಿಕ್ ರಿಲೀಸ್ ಸೈಕಲ್ ಇದ್ದರೆ ವೀಲ್-ಆನ್ ಸ್ಮಾರ್ಟ್ ಟ್ರೈನರ್ ಅಥವಾ ಆರಂಭಿಕ ಮಟ್ಟದ ಡೈರೆಕ್ಟ್ ಡ್ರೈವ್, ಜೊತೆಗೆ ಉಚಿತ ಆ್ಯಪ್. ವಯಸ್ಸು ನಲವತ್ತು ದಾಟಿದವರು, ಬಿಪಿ–ಸಕ್ಕರೆ ಇರುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

*ಸ್ಪರ್ಧೆಗೆ ತಯಾರಾಗುವ ಮಕ್ಕಳು:* ±2.5%ನೊಳಗಿನ ಡೈರೆಕ್ಟ್ ಡ್ರೈವ್. ಒಂದು ಮನೆಗೆ ಭಾರವಾದರೆ ನಾಲ್ಕೈದು ಮನೆಯವರು, ಇಲ್ಲವೇ ಊರಿನ ವ್ಯಾಯಾಮ ಶಾಲೆಯವರು ಸೇರಿ ಒಂದು ತಗೊಳ್ಳಬಹುದು. ಎಲ್ಲರ ಸೈಕಲ್‌ನ ಎಕ್ಸಲ್ ಮತ್ತು ಗೇರ್ ಒಂದೇ ಬಗೆಯಾಗಿದ್ದರೆ ಬದಲಿಸೋದು ಐದು ನಿಮಿಷದ ಕೆಲಸ.

ಸೈಕಲ್ ಅಂಗಡಿಯವರಿಗೆ

ಟ್ರೈನರ್ ಅನ್ನು ಗಿರಾಕಿ ಆನ್‌ಲೈನ್‌ನಲ್ಲೇ ತರಿಸಬಹುದು. ಆದರೆ ಅದನ್ನು ಕೂರಿಸೋಕೆ ಬರುವುದು ತಾಲೂಕಿನ ಅಂಗಡಿಗೇ. ಕ್ಯಾಸೆಟ್ ಬಿಚ್ಚುವ ಲಾಕ್‌ರಿಂಗ್ ಟೂಲ್, ಚೈನ್ ವಿಪ್, ಸ್ಪೇಸರ್‌ಗಳು, ನಟ್ ಎಕ್ಸಲ್ ಅಡಾಪ್ಟರ್, ನುಣುಪು ಟೈರ್ ಇಟ್ಟುಕೊಂಡರೆ ಹೊಸ ದುಡಿಮೆ. ಗಿರಾಕಿ ದುಡ್ಡು ಕಟ್ಟುವ ಮುಂಚೆಯೇ ಅವರ ಸೈಕಲ್ ನೋಡಿ 'ಇದಕ್ಕೆ ಕೂರುತ್ತೆ, ಇದಕ್ಕೆ ಕೂರಲ್ಲ' ಅಂತ ಹೇಳುವ ಅಂಗಡಿಗೆ ಅವರು ಮತ್ತೆ ಬರುತ್ತಾರೆ.

ಕೊನೆಗೆ, ಟ್ರೈನರ್ ಬಂದರೂ ರಸ್ತೆ ಬಿಡುವಂತಿಲ್ಲ. ತಿರುವು, ಬ್ರೇಕ್, ಗುಂಪಿನಲ್ಲಿ ತುಳಿಯುವ ಜಾಣ್ಮೆ ಕೋಣೆಯಲ್ಲಿ ಬರಲ್ಲ. ಕತ್ತಲು, ಮಂಜು, ಕಬ್ಬಿನ ಗಾಡಿಗಳ ಹೊತ್ತಿಗೆ ಒಳಗೆ ತುಳಿಯಿರಿ. ಬೆಳಕು ಹರಿದ ಭಾನುವಾರ ಹೊರಗೆ ತುಳಿಯಿರಿ, ಹೆಲ್ಮೆಟ್ ಹಾಕಿಕೊಂಡು, ಸೈಕಲ್‌ಗೆ ಹಿಂದೊಂದು ಕೆಂಪು ದೀಪ ಕಟ್ಟಿಕೊಂಡು.