ಆತ್ಮಶೋಧನೆ ಮೊದಲೋ, ದೇವಸಾನ್ನಿಧ್ಯ ಮೊದಲೋ: ಬಸವಣ್ಣನವರ ವಚನಗಳ ಒಂದು ಮರುಪರಿಶೀಲನೆ

ಬಸವಣ್ಣನವರು ತಮ್ಮನ್ನು ತಾವೇ ಹಳಿದುಕೊಳ್ಳುವ ವಚನಗಳ ಮಹತ್ವ ಈಗ ಚರ್ಚೆಯ ವಿಷಯವಲ್ಲ. 1923ರಲ್ಲಿ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಪ್ರಕಟವಾದ ಮೇಲೆ ಈ ವಚನಗಳು ಕನ್ನಡ ಓದುಗರಿಗೆ ಚಿರಪರಿಚಿತವಾಗಿವೆ. ಮನಸ್ಸಿನ ಚಂಚಲತೆ, ನಡೆನುಡಿಗಳ ನಡುವಣ ಬಿರುಕು, ಪೂಜೆಯೇ ತೋರಿಕೆಯಾಗಿಬಿಡುವ ಭಯ ಇವುಗಳ ವಸ್ತು. ತಕರಾರಿರುವುದು ಸಾಧನೆಯ ದಾರಿಯಲ್ಲಿ ಇವುಗಳ ಸ್ಥಾನ ಯಾವುದೆಂಬ ಬಗ್ಗೆ. ಸಾಧಕ ಮೊದಲು ತನ್ನ ದೋಷ ಕಾಣುತ್ತಾನೆ, ಬಳಿಕ ಶುದ್ಧನಾಗುತ್ತಾನೆ, ಕೊನೆಗೆ ದೇವರಿಗೆ ಹತ್ತಿರವಾಗುತ್ತಾನೆ ಎಂಬುದು ರೂಢಿಯ ಓದು. ಷಟ್‌ಸ್ಥಲದ ಕಟ್ಟಿನಲ್ಲಿ ಇಂಥ ವಚನಗಳು ಹೆಚ್ಚಾಗಿ ಮೊದಲನೆಯದಾದ ಭಕ್ತಸ್ಥಲದಲ್ಲಿ ಬರುವುದೇ ಅದಕ್ಕೆ ಮುಖ್ಯ ಆಧಾರ. ಈ ಆಧಾರ ಗಟ್ಟಿಯಾದುದಲ್ಲ. ಬಸವಣ್ಣನವರಲ್ಲಿ ದೇವಸಾನ್ನಿಧ್ಯವು ಆತ್ಮಶೋಧನೆಯ ಫಲವಾಗಿರುವುದಕ್ಕಿಂತ ಹೆಚ್ಚಾಗಿ ಅದರ ಪೂರ್ವಾಂಗ ಎಂಬುದು ಇಲ್ಲಿನ ವಾದ.

ಮೊದಲಿಗೆ ಕಟ್ಟಿನ ವಿಚಾರ. ವಚನಗಳು ಹನ್ನೆರಡನೆಯ ಶತಮಾನದವು. ಅವುಗಳನ್ನು ಸ್ಥಲಗಳಿಗೆ ಹೊಂದಿಸುವ ಕೆಲಸ ವಿಜಯನಗರ ಕಾಲದ ಸಂಕಲನಕಾರರ ಕೈಯಲ್ಲಿ ಹುಲುಸಾಗಿ ಬೆಳೆಯಿತು. ಆರು ಸ್ಥಲಗಳ ಕಟ್ಟಿನ ಜೊತೆಗೆ ನೂರೊಂದು ಸ್ಥಲಗಳ ಕಟ್ಟೂ ಉಂಟು. ಪ್ರೌಢದೇವರಾಯನ ಕಾಲದ ಜಕ್ಕಣಾರ್ಯನ ‘ಏಕೋತ್ತರಶತಸ್ಥಲ’ ಅದಕ್ಕೆ ನಿದರ್ಶನ. ಬೇರೆ ಬೇರೆ ಕಟ್ಟುಗಳಿಗೆ ಒಗ್ಗುವ ವಚನಗಳ ಅನುಕ್ರಮದಿಂದ ವಚನಕಾರನ ಆತ್ಮಚರಿತ್ರೆಯನ್ನು ಹೊರಡಿಸಲಾಗದು. ಸಂಪ್ರದಾಯ ಬಸವಣ್ಣನವರನ್ನೇ ಭಕ್ತಸ್ಥಲದ ಆದರ್ಶವೆಂದು ಕಂಡಿದೆ. ಹಾಗಾದರೆ ಅವರ ವಚನಗಳು ಅಲ್ಲಿ ಗುಂಪುಗೂಡಿರುವುದು ಅವರ ಎಳೆಯ ಸಾಧನೆಯ ಗುರುತಾಗಬೇಕಿಲ್ಲ. ‘ಶೂನ್ಯಸಂಪಾದನೆ’ಯೂ ಇದನ್ನೇ ಸೂಚಿಸುತ್ತದೆ. ಅಲ್ಲಮಪ್ರಭು ಕಲ್ಯಾಣದ ಮಹಾಮನೆಯ ಬಾಗಿಲಿಗೆ ಬಂದಾಗ ಬಸವಣ್ಣನವರು ಲಿಂಗಪೂಜೆಯಲ್ಲಿದ್ದು ಎದುರುಗೊಳ್ಳಲಿಲ್ಲ; ಆ ತಪ್ಪನ್ನು ಚೆನ್ನಬಸವಣ್ಣ ಎತ್ತಿ ತೋರಿಸುತ್ತಾನೆ, ಬಸವಣ್ಣನವರು ಮರುಗುತ್ತಾರೆ. ಹದಿನೈದನೆಯ ಶತಮಾನದ ಈ ಕೃತಿ ಹನ್ನೆರಡನೆಯ ಶತಮಾನದ ಘಟನೆಗೆ ಸಾಕ್ಷಿಯಾಗಲಾರದು, ನಿಜ. ಆದರೆ ಸ್ಥಲಕ್ರಮವನ್ನು ಬಲ್ಲ ಸಂಪ್ರದಾಯವೇ ಪಶ್ಚಾತ್ತಾಪವನ್ನು ಪ್ರಬುದ್ಧ ಭಕ್ತನ ಬಾಳಿನ ನಡುವೆ ಇಟ್ಟಿತೆಂಬುದಕ್ಕೆ ಅದು ಸಾಕ್ಷಿ.

ಇನ್ನು ವಚನಗಳ ಒಳಗಿನ ಸಾಕ್ಷ್ಯ. ಇವುಗಳಲ್ಲಿ ಬಸವಣ್ಣನವರು ಒಂಟಿಯಾಗಿ ಕುಳಿತು ಚಿಂತಿಸುವುದಿಲ್ಲ. ಕೂಡಲಸಂಗಮದೇವನಿಗೆ ನೇರವಾಗಿ ನುಡಿಯುತ್ತಾರೆ, ಬೇಡುತ್ತಾರೆ, ಕೆಲವೊಮ್ಮೆ ಜಗಳಕ್ಕೂ ನಿಲ್ಲುತ್ತಾರೆ. ಅಂಕಿತ ಎಲ್ಲ ವಚನಗಳಲ್ಲೂ ಇರುವಾಗ ಅದರಿಂದೇನು ಸಿದ್ಧವಾಯಿತು ಎಂದು ಕೇಳಬಹುದು. ಅಂಕಿತದಿಂದಲೇ ಏನೂ ಸಿದ್ಧವಾಗದು. ಉಪದೇಶದ ವಚನಗಳಲ್ಲಿ ಅದು ಎಷ್ಟೋ ಸಲ ಮುದ್ರೆಯಾಗಿಯಷ್ಟೇ ಉಳಿಯುತ್ತದೆ. ಆತ್ಮಶೋಧನೆಯ ವಚನಗಳಲ್ಲಿ ಅದೇ ಹೆಸರು ಕೇಳುವವನಾಗಿ, ತೀರ್ಪು ಕೊಡುವವನಾಗಿ ನಿಲ್ಲುತ್ತದೆ. ದೂರದ ದೇವರ ಮುಂದೆ ಇಷ್ಟು ಸಲಿಗೆಯಿಂದ ತಪ್ಪೊಪ್ಪಿಕೊಳ್ಳುವುದು ಕಷ್ಟ.

ಇದೆಲ್ಲ ಭಕ್ತಿಸಾಹಿತ್ಯದ ರೂಢಿಗತ ದೈನ್ಯ ಎಂಬುದು ಇದಕ್ಕಿಂತ ಬಲವಾದ ಆಕ್ಷೇಪ. ಹರಿದಾಸರ ಕೀರ್ತನೆಗಳಲ್ಲೂ ದೈನ್ಯವಿದೆ. ರೂಢಿಯ ಪಾಲನ್ನು ಅಲ್ಲಗಳೆಯಲಾಗದು. ಆದರೆ ದೈನ್ಯವಷ್ಟೇ ಇದ್ದಿದ್ದರೆ ಬಸವಣ್ಣನವರು ಎಲ್ಲ ಆರೋಪಗಳನ್ನೂ ತಲೆಬಾಗಿ ಒಪ್ಪಬೇಕಿತ್ತು. ಹಾಗಾಗಿಲ್ಲ. ಭವಿಯಾದ ಬಿಜ್ಜಳನನ್ನು ಓಲೈಸುತ್ತಾನೆಂಬ ದೂರಿಗೆ ಅವರು ತಪ್ಪೊಪ್ಪಿಗೆ ಕೊಡುವುದಿಲ್ಲ. ಈ ಊಳಿಗ ಸ್ವಂತದ ಒಡಲಿಗಲ್ಲ, ಜಂಗಮ ದಾಸೋಹಕ್ಕೆಂದು ದೇವರ ಮುಂದೆಯೇ ಸಮರ್ಥಿಸಿಕೊಳ್ಳುತ್ತಾರೆ. ಒಂದೆಡೆ ಒಪ್ಪಿ ಇನ್ನೊಂದೆಡೆ ನಿರಾಕರಿಸುವವನು ನಿಜವಾಗಿಯೂ ತೂಗಿ ನೋಡುತ್ತಿರುತ್ತಾನೆ. ಈ ಸಮರ್ಥನೆಯೂ ಆತ್ಮವಂಚನೆಯಾಗಿರಬಹುದಲ್ಲ ಎಂಬ ಸಂದೇಹ ಉಳಿಯುತ್ತದೆ. ಅದನ್ನು ಪಠ್ಯದಿಂದ ಪೂರ್ತಿ ನಿವಾರಿಸಲಾಗದು.

ಆದ್ದರಿಂದ ಇಲ್ಲಿನ ತೀರ್ಮಾನ ಮಿತವಾದುದು. ಬಸವಣ್ಣನವರ ಮಟ್ಟಿಗೆ ಬೆಳವಣಿಗೆಯೆಂದರೆ ದೋಷಗಳನ್ನು ದಾಟಿ ದೇವರನ್ನು ಸೇರುವುದು ಎನ್ನುವುದಕ್ಕಿಂತ, ದೇವರ ಎದುರಲ್ಲಿ ದೋಷಗಳು ಇನ್ನಷ್ಟು ಸ್ಪಷ್ಟವಾಗಿ ಕಾಣತೊಡಗುವುದು ಎನ್ನುವುದು ವಚನಗಳಿಗೆ ಹೆಚ್ಚು ಹೊಂದುತ್ತದೆ. ಆತ್ಮನಿಂದೆ ವಿರಳವಾಗಿರುವ ಅಲ್ಲಮನಿಗೆ ಈ ಮಾತು ಅನ್ವಯಿಸುವುದು ಅನುಮಾನ. ಅಕ್ಕಮಹಾದೇವಿಯ ವಿಷಯದಲ್ಲಿ ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು.