ದಡ ಮುಟ್ಟಿದ ಮೇಲೂ ಕೂತೇ ಇರಿ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ಹಂಪಿಯ ಹೊಳೆಯಿಂದ ಹೊರಟು ಮಂಗಳೂರಿನ ಆಯಿಲ್ ಜೆಟ್ಟಿವರೆಗೆ ಹೋಗೋಣ. ಎರಡೂ ಕಡೆ ಇರೋ ಪ್ರಶ್ನೆ ಒಂದೇ: ದ್ರವ ಸರಕನ್ನ ಚೆಲ್ಲದೆ, ಜೀವಕ್ಕೆ ಅಪಾಯ ಇಲ್ಲದೆ ದಡ ಸೇರಿಸೋದು ಹೇಗೆ?

ನಾನು ಹೊಸಪೇಟೆಯವನು. ಚಿಕ್ಕವನಿದ್ದಾಗ ಅಜ್ಜನ ಜೊತೆ ಆನೆಗುಂದಿಯಿಂದ ತಳವಾರಘಟ್ಟಕ್ಕೆ ಹರಿಗೋಲಿನಲ್ಲಿ ಬರ್ತಿದ್ದೆ. ಒಂದು ಸಲ ಜೊತೆಗೆ ಎರಡು ಹಾಲಿನ ಕ್ಯಾನ್ ಇದ್ದವು. ಒಂದು ತುಂಬಿತ್ತು, ಇನ್ನೊಂದು ಅರ್ಧ. ದಡ ಬಂತು ಅಂತ ಯಾರೋ ತಟ್ಟನೆ ಎದ್ದರು. ಹರಿಗೋಲು ವಾಲಿತು. ಅರ್ಧ ಕ್ಯಾನಿನ ಹಾಲು ಒಂದೇ ಕಡೆ ನುಗ್ಗಿ, ಕ್ಯಾನ್ ಉರುಳಿ ಹೊಳೆಗೆ ಬಿತ್ತು. ಅದರ ಹಿಂದೆ ನಾನೂ ಬೀಳೋನಿದ್ದೆ, ಅಜ್ಜ ಅಂಗಿ ಹಿಡಿದು ಎಳೆದರು. ಅಂಬಿಗ ಬೈಯಲಿಲ್ಲ. "ದಡ ಮುಟ್ಟಿದ ಮ್ಯಾಲೂ ಕುಂತಿರಬೇಕ್ರಿ. ನಾ ಹೇಳಿದ ಮ್ಯಾಲೆ ಏಳ್ರಿ" ಅಂದ, ಅಷ್ಟೇ.

ಈ ಕಸುಬು ಹಳೇದು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರ ಹೊತ್ತಿಗೆ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಈ ಬುಟ್ಟಿದೋಣಿಗಳನ್ನ ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ. 15-20 ಜನ ಕೂರಬಹುದು. ಬೇಕಾದರೆ ಕುದುರೆ, ಎತ್ತುಗಳನ್ನೂ ಸಾಗಿಸಬಹುದು. ನೇರ ಹೋಗಲ್ಲ, ಗಿರಗಿರ ತಿರುಗ್ತಾನೇ ಸಾಗುತ್ತೆ ಅಂತಾನೆ.

ಹಾಗಾದ್ರೆ ಉರುಳಿದ್ದು ಅರ್ಧ ಕ್ಯಾನೇ ಯಾಕೆ? ತುಂಬಿದ ಕೊಡ ತುಳುಕಲ್ಲ ಅಂತೀವಲ್ಲ, ಅದು ಬರೀ ಗಾದೆ ಅಲ್ಲ. ಅರ್ಧ ತುಂಬಿದ ಪಾತ್ರೆ ವಾಲಿದರೆ ದ್ರವ ತಗ್ಗಿನ ಕಡೆಗೇ ಓಡುತ್ತೆ, ಭಾರ ಅಲ್ಲೇ ಸೇರುತ್ತೆ, ಪಾತ್ರೆ ಇನ್ನಷ್ಟು ವಾಲುತ್ತೆ. ದೊಡ್ಡ ಹಡಗುಗಳಿಗೂ ಇದೇ ಭಯ. ಅದಕ್ಕೇ ಒಂದೇ ಹೊತ್ತಿಗೆ ಅರ್ಧಂಬರ್ಧ ತುಂಬಿದ ಟ್ಯಾಂಕ್‌ಗಳು ಹೆಚ್ಚಾಗದ ಹಾಗೆ ನೋಡ್ಕೋತಾರೆ. ಹಾಗಂತ ಅಂಚಿನವರೆಗೂ ತುಂಬಲ್ಲ. ಬಿಸಿಲಿಗೆ ಎಣ್ಣೆ ಹಿಗ್ಗುತ್ತೆ, ಅದಕ್ಕೆ ಜಾಗ ಬಿಡಬೇಕು.

ಈಗ ಘಟ್ಟ ಇಳಿದು ಪಣಂಬೂರಿಗೆ ಬನ್ನಿ. ಇಲ್ಲಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಕಚ್ಚಾತೈಲ, ಎಲ್‌ಪಿಜಿ ಬರೋದು ಇಲ್ಲಿಗೇ. ತೈಲ ಜೆಟ್ಟಿಗಳ ಕ್ರಮ ಹೀಗಿರುತ್ತೆ: ಹಡಗಿನವರು, ದಡದವರು ಒಟ್ಟಿಗೆ ಚೆಕ್‌ಲಿಸ್ಟ್ ನೋಡಿ ಸಹಿ ಹಾಕ್ತಾರೆ. ನಿಲ್ಲಿಸೋ ಸನ್ನೆ ಯಾವುದು ಅಂತ ಮೊದಲೇ ಒಪ್ಪಿಕೊಂಡಿರ್ತಾರೆ. ಪಂಪ್ ನಿಧಾನವಾಗಿ ಶುರು ಮಾಡಿ, ಸೋರಿಕೆ ಇಲ್ಲ ಅಂತ ಖಾತ್ರಿಯಾದ ಮೇಲೆ ವೇಗ ಹೆಚ್ಚಿಸ್ತಾರೆ. ಟ್ಯಾಂಕ್ ತುಂಬೋಕೆ ಬಂದಾಗ ಮತ್ತೆ ನಿಧಾನ.

ಪಂಪ್ ನಿಂತರೆ ಕೆಲಸ ಮುಗೀತಾ? ಇಲ್ಲ. ವಾಲ್ವ್ ಮುಚ್ಚಬೇಕು, ಪೈಪಿನಲ್ಲಿ ಉಳಿದದ್ದನ್ನ ಬರಿದು ಮಾಡಬೇಕು, ಆಮೇಲೆ ಪೈಪ್ ಬಿಚ್ಚಬೇಕು. ಎರಡೂ ಕಡೆಯ ಲೆಕ್ಕ ತಾಳೆ ನೋಡಬೇಕು. ಈ ಕೊನೇ ಹೊತ್ತಲ್ಲಿ ಆತುರ ಮಾಡಿದರೆ ಎಣ್ಣೆ ಸಮುದ್ರಕ್ಕೆ ಹೋಗಬಹುದು. ಒಂದು ಕಿಡಿ ಸಾಕು, ಆವಿಗೆ ಬೆಂಕಿ ಹತ್ತಬಹುದು. ಗಾಳಿ ಜೋರಾದರೆ ಅರ್ಧಕ್ಕೇ ನಿಲ್ಲಿಸ್ತಾರೆ. ನಮ್ಮಲ್ಲೂ ಅಷ್ಟೇ ಅಲ್ವಾ? ತುಂಗಭದ್ರಾ ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತೆ, ಓಡಾಟ ಬಂದ್. ದಾಟದೇ ಇರೋದೂ ಒಂದು ಜಾಣತನ.

2009ರ ಜನವರಿಯಲ್ಲಿ ಇದೇ ತಳವಾರಘಟ್ಟ, ಆನೆಗುಂದಿ ನಡುವೆ ಕಟ್ಟುತ್ತಿದ್ದ ಸೇತುವೆ ಕುಸಿದು ಕಾರ್ಮಿಕರು ಜೀವ ಕಳೆದುಕೊಂಡರು. ಹೊಳೆ ದಾಟಿಸೋ ಕೆಲಸದ ಬೆಲೆ ನಮ್ಮೂರಿಗೆ ಚೆನ್ನಾಗಿ ಗೊತ್ತು.

ಅಂಬಿಗ ಯಾವ ಕೈಪಿಡಿಯನ್ನೂ ಓದಿರಲಿಲ್ಲ. ಆದರೆ ಅವನ ಮಾತು, ಜೆಟ್ಟಿಯ ನಿಯಮ ಎರಡೂ ಒಂದೇ: ದಡ ಮುಟ್ಟೋದು ಬೇರೆ, ಕೆಲಸ ಮುಗಿಯೋದು ಬೇರೆ. ಹಂಪಿಗೆ ಹೋದಾಗ ಹರಿಗೋಲು ಹತ್ತಿದರೆ, ಇಳಿಯೋ ಹೊತ್ತಲ್ಲಿ ಸೆಲ್ಫಿ ಬೇಡ. ಅಂಬಿಗ ಹೇಳೋವರೆಗೂ ಕೂತಿರಿ. ಮುಂದಿನ ಕಂತಿನಲ್ಲಿ ಸಿಗೋಣ.