ಮುಕ್ಕಾದ ಹೊಣೆ

ಹುಚ್ಚನಿಗೆ ಶಿಕ್ಷೆಯಿಲ್ಲ, ಹುಚ್ಚನಲ್ಲದವನಿಗೆ ಪೂರ್ಣ ಶಿಕ್ಷೆ. ಬಹುಕಾಲ ಕೊಲೆಯ ನ್ಯಾಯಕ್ಕೆ ಇವೆರಡೇ ಬಾಗಿಲುಗಳಿದ್ದುವು. 1843ರಲ್ಲಿ ಮೆಕ್‌ನಾಟನ್ ಮೊಕದ್ದಮೆಯ ತರುವಾಯ ಇಂಗ್ಲೆಂಡಿನ ನ್ಯಾಯಾಧೀಶರು ರೂಪಿಸಿದ ಸೂತ್ರವೂ ಇದನ್ನೇ ಗಟ್ಟಿಮಾಡಿತು. ತಾನೇನು ಮಾಡುತ್ತಿದ್ದೇನೆ ಎಂಬುದಾಗಲಿ, ಅದು ತಪ್ಪೆಂಬುದಾಗಲಿ ತಿಳಿಯದಷ್ಟು ಬುದ್ಧಿ ಕೆಟ್ಟಿದ್ದರೆ ಮಾತ್ರ ಆರೋಪಿ ಉಳಿದುಕೊಂಡ. ಹಾಗಾದರೆ ಅರೆಮಂಕು ಕವಿದವನ ಗತಿಯೇನು?

ಸ್ಕಾಟ್‌ಲೆಂಡಿನಲ್ಲಿ ಈ ಪ್ರಶ್ನೆ ಹಳೆಯದು. ಆದರೆ ಅದಕ್ಕೆ ಹೆಸರಾಂತ ಉತ್ತರ ದೊರೆತದ್ದು 1867ರಲ್ಲಿ, ಅಬರ್ಡೀನ್ ಪಟ್ಟಣದ ನ್ಯಾಯಾಲಯದಲ್ಲಿ. ಅಲೆಗ್ಸಾಂಡರ್ ಡಿಂಗ್‌ವಾಲ್ ಎಂಬಾತ ವರ್ಷಾಂತ್ಯದ ಕುಡಿತದ ನಡುವೆ ಹೆಂಡತಿಯನ್ನು ಚೂರಿಯಿಂದ ಇರಿದು ಕೊಂದಿದ್ದ. ಪೀಠದಲ್ಲಿದ್ದವರು ಲಾರ್ಡ್ ಡೀಸ್. ಇವರು ಮೃದುಹೃದಯರೆಂದು ಯಾರೂ ಹೇಳಲಾರರು: ಐದು ವರ್ಷಗಳ ಹಿಂದೆ ಗ್ಲಾಸ್ಗೋದಲ್ಲಿ ಜೆಸ್ಸಿ ಮೆಕ್‌ಲಾಕ್ಲನ್ ಎಂಬಾಕೆಯ ವಿಚಾರಣೆಯಲ್ಲಿ ಜ್ಯೂರಿಯ ಮುಂದೆ ಆಕೆಗೆ ವಿರುದ್ಧವಾಗಿ ಕಟುವಾಗಿ ಮಾತಾಡಿ, ಗಲ್ಲು ವಿಧಿಸಿದವರು. ಅದೇ ಡೀಸ್ ಡಿಂಗ್‌ವಾಲನ ವಿಷಯದಲ್ಲಿ ನಿಂತು ಯೋಚಿಸಿದರು. ದಾಳಿ ಹಠಾತ್ತನೆ ನಡೆದದ್ದು, ಇರಿತ ಒಂದೇ, ಕುಡಿಯದಿದ್ದಾಗ ಆತ ಹೆಂಡತಿಯೊಡನೆ ಅಕ್ಕರೆಯಿಂದ ಇದ್ದವನು, ಕುಡಿತದ ಸನ್ನಿ ಅವನಿಗೆ ಮತ್ತೆ ಮತ್ತೆ ಬಡಿದಿತ್ತು. ಇವುಗಳೊಡನೆ ಅವರು ಎಣಿಸಿದ ಇನ್ನೊಂದು ಸಂಗತಿ ನಮ್ಮ ಕಿವಿ ನಿಮಿರಿಸುವಂಥದು: ಈತನಿಗೆ ಹಿಂದೆ ಇಂಡಿಯಾದಲ್ಲಿ ಬಿಸಿಲಿನ ಹೊಡೆತ ತಗುಲಿದ್ದಿರಬೇಕು, ಆಮೇಲಿನ ಮೂರ್ಛೆಗಳು ಅಪಸ್ಮಾರದವು.

ಬಿಡುಗಡೆಗೆ ಸಾಲದ ಮನೋದೌರ್ಬಲ್ಯವೂ ಅಪರಾಧದ ತೂಕವನ್ನು ತಗ್ಗಿಸಬಹುದೆಂದು ಡೀಸ್ ಜ್ಯೂರಿಗೆ ತಿಳಿಸಿದರು. ಜ್ಯೂರಿ ಕೊಲೆಯೆನ್ನದೆ ದಂಡಾರ್ಹ ನರಹತ್ಯೆಯೆಂದಿತು. ಹತ್ತು ವರ್ಷಗಳ ಕಠಿಣ ಸಜೆಯಾಯಿತು. ಈ ಮೊಕದ್ದಮೆಗೆ ಗಂಡನ ಹೆಸರೇ ನಿಂತಿದೆ, ಇರಿತ ತಿಂದವಳದಲ್ಲ. ಈ ತತ್ತ್ವವನ್ನು ಮೆಚ್ಚಹೊರಟಾಗಲೆಲ್ಲ ನನಗೆ ಈ ಸಂಗತಿ ಅಡ್ಡ ಬರುತ್ತದೆ.

ಇಂಗ್ಲೆಂಡ್ ಇದನ್ನು ಸ್ವೀಕರಿಸಲು ತೊಂಬತ್ತು ವರ್ಷ ತೆಗೆದುಕೊಂಡಿತು. ಪ್ರಿಯಕರನನ್ನು ಗುಂಡಿಟ್ಟು ಕೊಂದ ರೂತ್ ಎಲ್ಲಿಸ್ 1955ರ ಜುಲೈ 13ರಂದು ಗಲ್ಲಿಗೇರಿದಳು. ಆ ದೇಶದಲ್ಲಿ ನೇಣಿಗೇರಿದ ಕೊನೆಯ ಹೆಣ್ಣು ಆಕೆ. ಹೊಣೆ ಕುಗ್ಗಿತ್ತೆಂಬ ವಾದಕ್ಕೆ ನರಹತ್ಯೆಯ ಕಾಯಿದೆ ಎಡೆಮಾಡಿದ್ದು 1957ರಲ್ಲಿ, ಎರಡು ವರ್ಷ ತಡವಾಗಿ. 1960ರ ಬರ್ನ್ ಮೊಕದ್ದಮೆಯಲ್ಲಿ ಲಾರ್ಡ್ ಪಾರ್ಕರ್ ಇನ್ನಷ್ಟು ಮುಂದೆ ಹೋಗಿ, ತನ್ನ ಕೈಯನ್ನು ತಾನು ತಡೆಹಿಡಿಯಲಾಗದ ಸ್ಥಿತಿಯೂ ಇದರೊಳಗೆ ಸೇರುತ್ತದೆಂದರು. ವೈದ್ಯರು ಏನೇ ಹೇಳಲಿ, ಕುಂದು ಎಷ್ಟು ಗಣನೀಯವೆಂದು ತೀರ್ಮಾನಿಸಬೇಕಾದವರು ಜ್ಯೂರಿಯವರೇ. ಮನಸ್ಸನ್ನು ತಕ್ಕಡಿಯಲ್ಲಿಟ್ಟು ತೂಗುವ ಕೆಲಸ ಅಂಗಡಿಕಾರರಿಗೂ ಗುಮಾಸ್ತರಿಗೂ ಬಿತ್ತು.

ನಮ್ಮಲ್ಲಿ? 1860ರ ದಂಡಸಂಹಿತೆಯ 84ನೆಯ ಕಲಮು ಹುಚ್ಚಿನ ಆ ಹಳೆಯ ಬಾಗಿಲನ್ನು ಮಾತ್ರ ತೆರೆದಿಟ್ಟಿತ್ತು. ಕೊಲೆಯನ್ನು ನರಹತ್ಯೆಯಾಗಿ ಇಳಿಸುವ ಐದು ವಿನಾಯಿತಿಗಳಲ್ಲಿ ಕುಗ್ಗಿದ ಹೊಣೆಯ ಮಾತಿರಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ಸೇರಿಸಿಲ್ಲ. ಆರೋಪಿಯ ಮನಃಸ್ಥಿತಿ ನಮ್ಮ ನ್ಯಾಯಾಧೀಶರಿಗೆ ಒದಗುವುದು ಹೆಚ್ಚಾಗಿ ಶಿಕ್ಷೆಯ ಪ್ರಮಾಣ ನಿಗದಿ ಮಾಡುವಾಗ. ನಮ್ಮ ಬಿಸಿಲು ಸ್ಕಾಟರ ಕಾನೂನಿನಲ್ಲಿ ಜಾಗ ಪಡೆಯಿತು, ನಮ್ಮದರಲ್ಲಿ ಪಡೆಯಲಿಲ್ಲ.

ಸ್ಕಾಟ್‌ಲೆಂಡ್ 2010ರ ಶಾಸನದಿಂದ ಈ ತತ್ತ್ವಕ್ಕೆ ಲಿಖಿತ ರೂಪ ಕೊಟ್ಟಿದೆ. ಕುಡಿದ ಅಮಲೊಂದೇ ಹೊಣೆಯನ್ನು ಕುಗ್ಗಿಸಲಾರದೆಂದು ಅದು ಸ್ಪಷ್ಟವಾಗಿ ನುಡಿಯುತ್ತದೆ. ಡಿಂಗ್‌ವಾಲ್ ಇಂದು ಆ ಕಟಕಟೆಯಲ್ಲಿ ನಿಂತಿದ್ದರೆ, ಅವನ ವಕೀಲರು ಸೀಸೆಯ ಮಾತನ್ನು ಬದಿಗಿಟ್ಟು ಇಂಡಿಯಾದ ಬಿಸಿಲನ್ನೂ ಆ ಮೂರ್ಛೆಗಳನ್ನೂ ಹಿಡಿದು ವಾದಿಸಬೇಕಾಗುತ್ತಿತ್ತು.